ಏಳರ ಮೇಲಿನ ವಿಭೂತಿ

"ಸತ್ತು ಹೋತು," ಎಂದು ಕೊಟ್ರಯ್ಯ ಕೀಬೋರ್ಡಿನ ಮೇಲಿಂದ ಕೈ ತೆಗೆದ.

ಹಾಗೆ ಹೇಳುವಾಗ ಅವನ ಮುಖದಲ್ಲಿ ಒಂಚೂರೂ ಬೇಸರವಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಶೈಲಜಾಗೆ ಮೈ ಉರಿದದ್ದು ಅದಕ್ಕೇ. ಹೊರಗೆ ವೇಬ್ರಿಡ್ಜಿನ ಮುಂದೆ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಒಳಗೆ ಅವುಗಳ ತೂಕ ಬರೆಯಬೇಕಾದ ಕಂಪ್ಯೂಟರನ್ನು ಈ ಮನುಷ್ಯ ಅವಳ ಕಣ್ಣೆದುರಿಗೇ ಹಾಳು ಮಾಡಿ ಕೂತಿದ್ದ.

"ಕೊಟ್ರಯ್ಯನವರ, ನಿಮ್ಮನ್ನ ಹೊಸಪೇಟಿಯಿಂದ ಕರೆಸಿದ್ದು ಇದನ್ನ ನೋಡಾಕ. ಕೆಡಸಾಕಲ್ಲ."

"ನಾ ಕೆಡಸ್ಲಿಲ್ಲ ಮೇಡಂ. ಅವತ್ತು ಹೆಂಗ ಕೆಟ್ಟಿತ್ತು ಅಂತ ತೋರಿಸಿದೆ. ಆ ಮೌಸ್ ಒಂದು ಸಲ ಅಲ್ಲಾಡಿಸಿ ನೋಡ್ರಿ."

ಶೈಲಜಾ ಮೌಸನ್ನು ಟೇಬಲ್ಲಿನ ಉದ್ದಕ್ಕೂ ಎಳೆದಳು. ಪರದೆಯ ಮೇಲಿನ ಬಾಣ ನಡುವೆ ನಿಂತದ್ದು ನಿಂತೇ ಇತ್ತು. ತಿರುಗಿಸಿ ನೋಡಿದರೆ ಹೊಟ್ಟೆಯಡಿ ಉರಿಯಬೇಕಾದ ಕೆಂಪು ದೀಪವೂ ಆರಿತ್ತು. ಕೀಬೋರ್ಡಿನ ಗುಂಡಿಗಳನ್ನು ಎಷ್ಟು ಒತ್ತಿದರೂ ಒಂದಕ್ಷರ ಮೂಡಲಿಲ್ಲ.

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಆಪರೇಟರ್ ಭವ್ಯ ಮೆಲ್ಲಗೆ ಎದ್ದು ನಿಂತಳು. "ಹಿಂಗೇ ಆಗಿತ್ರಿ ಸರ. ಪೂಜಿ ದಿನ ಖರೇ ಹಿಂಗೇ ಆಗಿತ್ತು. ನಾ ಹೇಳಿದ್ರ ಯಾರೂ ನಂಬಲಿಲ್ಲ."

ಐದು ದಿನದ ಹಿಂದೆ, ಆಯುಧ ಪೂಜೆಯ ಮಧ್ಯಾಹ್ನ ಮೂರು ಹತ್ತಕ್ಕೆ, ವಡ್ಡು ರಸ್ತೆಯ ಈ ಅದಿರು ಯಾರ್ಡಿನ ಕಂಪ್ಯೂಟರಿನಿಂದ ಒಂದು ಚೀಟಿ ಹೊರಬಿದ್ದಿತ್ತು. ಲಾರಿ ಕೆಎ 35 ಎ 1193, ತೂಕ 26,480 ಕಿಲೋ, ಚಾಲಕ ಹುಲುಗೇಶ್, ಆಪರೇಟರ್ ಭವ್ಯ. ಅಂದಿನಿಂದ ಭವ್ಯಳ ಅಣ್ಣ ಹುಲುಗೇಶನ ಸುಳಿವಿಲ್ಲ. ಅವನ ಖಾಲಿ ಲಾರಿ ಕಂಪ್ಲಿ ಸೇತುವೆಯ ಬಳಿ ಸಿಕ್ಕಿತು. ಅಣ್ಣ ಅದಿರು ಕದ್ದು ಮಾರಿ ಹೊಳೆ ದಾಟಿ ಓಡಿಹೋದ, ತಂಗಿ ಅವನಿಗೆ ಚೀಟಿ ಬರೆದುಕೊಟ್ಟಳು ಎಂಬುದು ಪೊಲೀಸರ ಲೆಕ್ಕ. ನಿನ್ನೆ ಸಂಜೆ ಹಿಡಿದು ತಂದ ಭವ್ಯಳನ್ನು ಇವತ್ತು ನಾಲ್ಕು ಗಂಟೆಯೊಳಗೆ ಸಂಡೂರು ಕೋರ್ಟಿನ ಮುಂದೆ ನಿಲ್ಲಿಸಬೇಕು. ಆಮೇಲೆ ಬಳ್ಳಾರಿ ಜೈಲು. ಈಗ ಗಂಟೆ ಹನ್ನೆರಡೂವರೆ.

"ಕುಂದ್ರವ್ವ," ಎಂದ ಅವಳ ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ವಿರೂಪಾಕ್ಷಪ್ಪ. "ನಿಂತ್ರ ತಲಿ ತಿರಗತೈತಿ. ಮುಂಜಾನಿಂದ ಏನೂ ತಿಂದಿಲ್ಲ ನೀನು." ತನ್ನ ಪಾಲಿನ ಚಹದ ಲೋಟವನ್ನು ಅವಳ ಕೈಗಿಟ್ಟ.

ಕೊಟ್ರಯ್ಯ ಅದನ್ನು ಓರೆಗಣ್ಣಿನಲ್ಲಿ ನೋಡಿ ಸಮಾಧಾನಪಟ್ಟ. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಇಬ್ಬರೂ ಹನ್ನೊಂದು ವರ್ಷ ಒಂದೇ ಸೆಟ್ಟಿನ ಮುಂದೆ ಕೂತವರು. ಕೊಟ್ರಯ್ಯ ನೌಕರಿ ಬಿಟ್ಟು ಹೊಸಪೇಟೆ ಬಸ್ ಸ್ಟ್ಯಾಂಡ್ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ. ವಿರೂಪಾಕ್ಷಪ್ಪ ಖಾಕಿಯಲ್ಲೇ ಉಳಿದ. ಹುಲುಗೇಶನನ್ನು ಕೊನೆಯದಾಗಿ ಕಂಡವನೂ ಅವನೇ. ಹಬ್ಬದ ರಜೆಗೆ ಊರಿಗೆ ಹೋಗಿದ್ದಾಗ, ಸಂಜೆ ಐದಕ್ಕೆ ಕಂಪ್ಲಿ ಸೇತುವೆಯ ಬಳಿ ಲಾರಿ ನಿಂತಿತ್ತು, ಸ್ಟೇರಿಂಗ್ ಮುಂದೆ ಹುಲುಗೇಶನೇ ಕೂತಿದ್ದ ಎಂದು ಬರೆದುಕೊಟ್ಟಿದ್ದ. ವಿರೂಪಾಕ್ಷಪ್ಪ ಸುಳ್ಳು ಹೇಳುವವನಲ್ಲ, ಸುಳ್ಳಿಗೆ ಬೇಕಾದ ಬುದ್ಧಿಯನ್ನು ದೇವರು ಅವನಿಗೆ ಕೊಟ್ಟೇ ಇಲ್ಲ ಎಂಬುದು ಕೊಟ್ರಯ್ಯನ ಹಳೆಯ ನಂಬಿಕೆ.

"ಏನ್ ಮಾಡಿದ್ರಿ ಇದಕ್ಕ?" ಶೈಲಜಾ ಕೇಳಿದಳು.

"ಕಂಪ್ಯೂಟರಿಗೆ ಆಗಾಗ ಫೋನ್ ವಾಯರ್‌ನ್ಯಾಗ ಹೊಸ ಅಪ್‌ಡೇಟ್ ಬರತಾವ್ರಿ. ಇದಕ್ಕೂ ಒಂದು ಬಂದಿತ್ತು, ಪೂಜಿ ದಿನ. 'ಬಂದ್ ಮಾಡಿ ಚಾಲೂ ಮಾಡು' ಅಂತ ಪರದಿ ಮ್ಯಾಲ ಒಂದು ಡಬ್ಬಿ ಕಾಡತೈತಿ. ಈ ಹುಡುಗಿ ಬೇಸತ್ತು ಹೂಂ ಅಂದಾಳ. ಚಾಲೂ ಆಗೋದ್ರಾಗ ಹೊಸದು ಬಂದು ಹಳೇದನ್ನ ಎತ್ತಿ ಒಗದೈತಿ. ಚಪ್ಪಟಿ ಪಿನ್ನಿನ ಕೀಬೋರ್ಡು, ಮೌಸು ಎರಡನ್ನೂ ಯಂತ್ರ ಗುರುತು ಹಿಡೀಲಿಲ್ಲ. ಅದೇ ಅಪ್‌ಡೇಟ್ ಇನ್ನೂ ಇದರ ಹೊಟ್ಟ್ಯಾಗ ಇತ್ತು. ಈಗ ಮತ್ತ ಹಾಕಿದೆ. ಮತ್ತ ಸತ್ತು ಹೋತು."

"ಮ್ಯಾನೇಜರ್ ಬಸವಕುಮಾರ್ ಇದು ಯಾವತ್ತೂ ಕೆಟ್ಟೇ ಇಲ್ಲ ಅಂತ ಹೇಳಿಕೆ ಕೊಟ್ಟಾರ. ಮರುದಿನ ನಾವು ಬಂದಾಗೂ ಚಲೋನೇ ಇತ್ತು."

"ಇರ್ತೈತಿ. ಮರುದಿನ ಮುಂಜಾನೆ ಏಳೂ ನಲವತ್ತಕ್ಕ ಯಾರೋ ಯಂತ್ರವನ್ನ ಹಿಂದಿನ ದಿನದ ಸ್ಥಿತಿಗೆ ಒಯ್ದಾರ. ಮನುಷ್ಯ ಮರೀತಾನ, ಇದು ಮರೆಯಂಗಿಲ್ಲ. ಕುಂತದ್ದು, ಎದ್ದದ್ದು ಎಲ್ಲಾ ಒಳಗ ಬರಕೊಂಡಿರತೈತಿ."

ಅವನು ಜೇಬಿನಿಂದ ಚೀಟಿಯೊಂದನ್ನು ತೆಗೆದ. ಅಪ್‌ಡೇಟ್ ಹಾಕುವ ಮೊದಲೇ ಕಂಪ್ಯೂಟರಿನ ದಿನಚರಿಯಿಂದ ಬರೆದುಕೊಂಡಿದ್ದು. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಕೀಬೋರ್ಡು ಮೌಸು ಎರಡೂ ಕಾಣೆ. ಮಧ್ಯಾಹ್ನ ಎರಡೂ ಐವತ್ತೆರಡಕ್ಕೆ ಯಾರೋ ಕರೆಂಟ್ ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದ್ದಾರೆ. ಮೂರು ಹತ್ತಕ್ಕೆ ಚೀಟಿ.

ಶೈಲಜಾ ಅದನ್ನು ಎರಡು ಸಲ ಓದಿದಳು. ದಡ್ಡಿಯಲ್ಲ ಅವಳು. "ಅಲ್ರೀ, ಕೀಬೋರ್ಡ್ ಸತ್ತಿತ್ತು ಅಂದ ಮ್ಯಾಲ ಮೂರು ಹತ್ತಕ್ಕ ಟೈಪ್ ಮಾಡಿದ್ದು ಯಾರು? ದೆವ್ವಾನಾ?"

"ಅದನ್ನೇ ಹುಡಕಾಕತ್ತೀನಿ," ಎಂದು ಕೊಟ್ರಯ್ಯ ಬ್ಯಾಟರಿ ಹಿಡಿದು ಟೇಬಲ್ಲಿನ ಕೆಳಗೆ ನುಸುಳಿದ.

ಐವತ್ತೈದರ ಮೊಣಕಾಲು ಲಟಲಟ ಎಂದವು. ಅವನು ಅವುಗಳನ್ನು ಬೈದ, ಸಂಡೂರಿನ ಧೂಳನ್ನು ಬೈದ, ಧೂಳಿನ ಊರಿಗೆ ಕಂಪ್ಯೂಟರ್ ಮಾರಿದವರ ಮನೆ ಹಾಳಾಗಲಿ ಎಂದ. ಆಮೇಲೆ ಬ್ಯಾಟರಿಯನ್ನು ಒಂದೇ ಕಡೆ ಹಿಡಿದ.

"ಮೇಡಂ, ಇಲ್ಲಿ ಬಗ್ಗಿ ನೋಡ್ರಿ."

ಡಬ್ಬಿಯ ಬೆನ್ನಿಗೆ ಎರಡು ದುಂಡನೆ ತೂತುಗಳಿದ್ದವು. ಹಳೆಯ ಕಾಲದ ದುಂಡು ಪಿನ್ನಿನ ಕೀಬೋರ್ಡಿಗೆ ಒಂದು, ಮೌಸಿಗೆ ಒಂದು. ಮೌಸಿನದು ಅದಿರಿನ ಕೆಂಪು ಧೂಳಿನಿಂದ ಮೆತ್ತಿ ಮುಚ್ಚಿಹೋಗಿತ್ತು. ಪಕ್ಕದ ನೇರಳೆ ತೂತು ಮಾತ್ರ ಗುಡಿಸಿದ ಅಂಗಳದ ಹಾಗೆ ಸ್ವಚ್ಛ.

"ಚಪ್ಪಟಿ ಪಿನ್ನು ಸತ್ರೂ ದುಂಡು ಪಿನ್ನು ಸಾಯಂಗಿಲ್ಲ. ಅದರ ದಾರೀನೇ ಬ್ಯಾರೆ. ಆದ್ರ ಯಂತ್ರ ಆರಿಸಿ ಹಚ್ಚಿದ್ರ ಮಾತ್ರ ಹಿಡಿತೈತಿ. ಎರಡೂ ಐವತ್ತೆರಡಕ್ಕ ಆರಿಸಿದ್ದು ಅದಕ್ಕ. ಈ ಯಾರ್ಡಿನಾಗ ಎಲ್ಲೋ ಒಂದು ಹಳೇ ಕೀಬೋರ್ಡ್ ಐತಿ."

ಟೇಬಲ್ಲಿನಡಿಯಿಂದ ಹೊರಬಂದವನೇ ಅವನು ಒಂದು ವಿಚಿತ್ರ ಕೆಲಸ ಮಾಡಿದ. ತನ್ನ ಚೀಲದಿಂದ ದುಂಡು ಪಿನ್ನಿನ ಕೀಬೋರ್ಡೊಂದನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಗುಂಡಿ ಗುಂಡಿಯನ್ನೂ ಒರೆಸಿದ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆರಿಸಿ ಹಚ್ಚಿದ. ಆಮೇಲೆ ಕಿಟಕಿಯ ಎರಡೂ ಬಾಗಿಲು ತೆರೆದು, ಕೀಬೋರ್ಡನ್ನು ಅದರ ಬುಡಕ್ಕೆ ಸರಿಸಿದ. ಹೊರಗೆ ಐವತ್ತು ಮಾರು ದೂರದಲ್ಲಿ ಲೋಡರ್ ಯಂತ್ರವೊಂದು ಮೂಲೆಯ ಅದಿರುಗುಡ್ಡೆಯನ್ನು ತೋಡಿ ತೋಡಿ ಲಾರಿಗೆ ಸುರಿಯುತ್ತಿತ್ತು. ಕೆಂಪು ಧೂಳು ಒಳಗೆ ನುಗ್ಗಿತು.

"ಕಿಟಕಿ ಯಾಕ್ರಿ ತೆಗದ್ರಿ? ಉಸಿರು ಕಟ್ಟತೈತಿ."

"ಗಾಳಿ ಬರ್ಲಿ ಬಿಡ್ರಿ," ಎಂದ ಕೊಟ್ರಯ್ಯ. ಭವ್ಯಳ ಕಡೆ ತಿರುಗಿ, "ಈಗ ಇದು ಪಾಸ್‌ವರ್ಡ್ ಕೇಳಾಕತ್ತೈತಿ. ಯಾರದು ಹೊಡದ್ರ ತೆಗೀತೈತವ್ವ?"

"ನಂದು ಹೊಡದ್ರೂ ತೆಗೀತೈತ್ರಿ. ನನ್ನ ಹೆಸರು, ಅದರ ಮುಂದ ನನ್ನ ಪಾಸ್‌ವರ್ಡು. ಇಲ್ಲಾಂದ್ರ ಮ್ಯಾನೇಜರ್ ಸಾಹೇಬ್ರದು. ಅವ್ರು ಹೆಸರು ಹೊಡಿಯೂದು ಬ್ಯಾಡ, ಬರೇ ಪಾಸ್‌ವರ್ಡ್ ಸಾಕು."

"ಚೀಟಿ ಮ್ಯಾಲ ಹೆಸರು?"

"ಡ್ರೈವರ್ ಹೆಸರು ಲಾರಿ ನಂಬರ್ ಹೊಡದ್ರ ತಾನಾ ಬರತೈತಿ. ಆಪರೇಟರ್ ಹೆಸರು ಆ ದಿನ ಯಾರ ಶಿಫ್ಟ್ ಐತಿ ಅವರದು. ಯಾರು ಚೀಟಿ ತೆಗದ್ರೂ ನನ್ನ ಹೆಸರೇ ಬರತಿತ್ರಿ. ಇದನ್ನೂ ಸ್ಟೇಷನ್ನಿನಾಗ ಹೇಳಿದ್ದೆ." ಅವಳು ಶೈಲಜಾಳ ಮುಖ ನೋಡಲಿಲ್ಲ.

"ತೂಕ?"

"ತೂಕ ನಾವು ಹೊಡಿಯಂಗಿಲ್ರಿ. ಲಾರಿ ಕಾಟಾದ ಪ್ಲಾಟ್‌ಫಾರ್ಮ್ ಮ್ಯಾಲ ನಿಂತ್ರ ವಾಯರ್‌ನ್ಯಾಗ ತಾನಾ ಬರತೈತಿ. ಲಾರಿ ಇಲ್ಲಾಂದ್ರ ಸೊನ್ನಿ ತೋರಸ್ತೈತಿ. ಆವಾಗ ಕೈಲೆ ತೂಕ ಹಾಕಾಕ ಮ್ಯಾನೇಜರ್ ಸಾಹೇಬ್ರಿಗೆ ಮಾತ್ರ ಬಿಡತೈತಿ."

ಕೊಟ್ರಯ್ಯ ತಲೆಯಾಡಿಸಿದ. "ಪೂಜಿ ದಿನ ನೀ ಎಷ್ಟಕ್ಕ ಹೋದಿ?"

"ಒಂದಕ್ಕ. ಕೀಬೋರ್ಡ್ ಸತ್ತಿತ್ತು, ಹ್ಯಾಂಗೂ ಅರ್ಧ ದಿನ ರಜಾ. ಅಣ್ಣನ್ನ ಬಾ ಅಂದೆ. ಅವ್ವ ಹೋಳಿಗಿ ಮಾಡಿದ್ಲು. 'ನೀ ಮುಂದ ನಡಿ, ನಾ ಮ್ಯಾನೇಜರ್ ಜೋಡಿ ಒಂದು ಮಾತಾಡಿ ಬರ್ತೀನಿ' ಅಂದ. ಒಂದೇ ಪರ್ಮಿಟ್‌ನ್ಯಾಗ ಮೂರು ಟ್ರಿಪ್ ಹೊಡಸ್ತಾರ, ಇನ್ನ ಮ್ಯಾಲ ನಾ ಓಡ್ಸಂಗಿಲ್ಲ, ಮ್ಯಾಲಿನವರಿಗೆ ಹೇಳತೀನಿ ಅಂತಿದ್ದ." ಲೋಟದ ಚಹ ಹಾಗೆಯೇ ತಣ್ಣಗಾಗುತ್ತಿತ್ತು. "ಅವ್ವ ಅವನ ಪಾಲಿನ ಹೋಳಿಗಿ ಇನ್ನೂ ಡಬ್ಬ್ಯಾಗ ಇಟ್ಟಾಳ್ರಿ. ಬೂಷ್ಟು ಹಿಡದಾವ, ಚೆಲ್ಲೂನಂದ್ರ ಕೊಡವಲ್ಲಳು."

ವಿರೂಪಾಕ್ಷಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡ.

ಹಳೆಯ ಸಾಮಾನಿನ ಕೋಣೆಯ ಎರಡು ಕೀಲಿಗಳಲ್ಲಿ ಒಂದು ಮ್ಯಾನೇಜರನ ಬಳಿ, ಇನ್ನೊಂದು ಕಸ ಗುಡಿಸುವ ಕರೆಮ್ಮನ ಸೊಂಟದಲ್ಲಿತ್ತು. ಅವಳು ಬಾಗಿಲು ತೆರೆಯುವ ಮೊದಲು ಕೊಟ್ರಯ್ಯನ ಹಣೆಯ ವಿಭೂತಿ ನೋಡಿ ಕೈಮುಗಿದಳು.

"ಚಪ್ಲಿ ಹೊರಗ ಬಿಡ್ರಿ ಅಯ್ನೋರ. ಪೂಜಿ ಮಾಡಿದ ಸಾಮಾನು ಅದಾವ."

ಕೋಣೆಯೊಳಗೆ ಪೂಜೆಯ ಸಾಲು ಕೆಡದೆ ಇತ್ತು. ಗೋಣಿತಾಟಿನ ಮೇಲೆ ಸ್ಪ್ಯಾನರು, ಜಾಕು, ಹಾರೆ, ಕೆಟ್ಟುಹೋದ ಪ್ರಿಂಟರು, ಒಡೆದ ಟೆಲಿಫೋನು, ಎಲ್ಲಕ್ಕೂ ವಿಭೂತಿ, ಎಲ್ಲಕ್ಕೂ ಕುಂಕುಮ, ಒಣಗಿ ಕರ್ರಗಾದ ಚೆಂಡುಹೂವು. ಕೆಲಸಕ್ಕೆ ಬರಲಿ ಬಿಡಲಿ, ವರ್ಷಕ್ಕೊಂದು ದಿನ ಆಯುಧವೆಂದರೆ ಆಯುಧವೇ. ಸಾಲಿನ ಕೊನೆಯಲ್ಲಿ ದುಂಡು ಪಿನ್ನಿನ ಹಳೆಯ ಕೀಬೋರ್ಡು ಇತ್ತು.

"ಇದಕ್ಕೂ ನೀನೇ ಹಚ್ಚಿದ್ದಾ?"

"ಹೂನ್ರಿ. ಹನ್ನೆರಡಕ್ಕ ಪೂಜಿ ಆತು. ಮರುದಿನ ಮುಂಜಾನಿ ತನಕ ಮುಟ್ಟಬಾರ್ದು. ಆಮ್ಯಾಲ ಮುಟ್ಟಬೋದು, ಆದ್ರ ಒರಸಬಾರ್ದು. ವಿಭೂತಿ ತಾನಾ ಹೋಗಬೇಕು." ಕರೆಮ್ಮ ಮೂತಿ ತಿರುವಿದಳು. "ಇಲ್ಲೇನು ಯಾರು ಕೇಳತಾರ್ರಿ ಶಾಸ್ತ್ರ. ಅವತ್ತು ಪೂಜಿ ಮಾಡಿದ ಲೋಡರನ್ನೇ ಯಾರೋ ಮಧ್ಯಾಹ್ನ ಓಡಿಸ್ಯಾರ. ನಾ ಕಟ್ಟಿದ ಬಾಳಿಕಂದು ಮುರದು, ಗಾಲಿ ಕೆಳಗಿನ ನಿಂಬಿಹಣ್ಣು ಅಪ್ಪಚ್ಚಿ. ಡ್ರೈವರನ್ನ ಕೇಳಿದ್ರ ನಾ ಊರಾಗೇ ಇರಲಿಲ್ಲ ಅಂತಾನ. ಕೆಟ್ಟದ್ದಾಗದ ಏನಾಗತೈತಿ."

ಕೊಟ್ರಯ್ಯನ ಕಿವಿಗೆ ಆ ಮಾತು ಬಿದ್ದರೂ ತಲೆಗೆ ಹೋಗಲಿಲ್ಲ. ಅವನ ಕಣ್ಣೆಲ್ಲ ಕೀಬೋರ್ಡಿನ ಮೇಲಿತ್ತು.

ಕರೆಮ್ಮ ಮೂರು ಬೆರಳು ಅದ್ದಿ ಎಡದಿಂದ ಬಲಕ್ಕೆ ಎಳೆದಿದ್ದಳು. ಅಂಕಿಗಳ ಸಾಲಿಗೊಂದು ಗೆರೆ, ಅದರ ಕೆಳಗಿನ ಅಕ್ಷರಸಾಲಿಗೊಂದು, ಅದರ ಕೆಳಗಿನದಕ್ಕೊಂದು. ಒದ್ದೆ ವಿಭೂತಿ ಒಣಗಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಆದರೆ ನಡುನಡುವೆ ಕೆಲವು ಗುಂಡಿಗಳು ಮಾತ್ರ ಬೋಳು. ಬೆರಳು ಬಿದ್ದಲ್ಲಿ ಬೂದಿ ಉದುರಿಹೋಗಿತ್ತು.

ಅವತ್ತು ಈ ಕೀಬೋರ್ಡು ಬಳಸಿದವನಿಗೆ ಅದನ್ನು ಒರೆಸಿಡಲು ಒಂದು ನಿಮಿಷ ಸಾಕಿತ್ತು. ಒರೆಸಲಿಲ್ಲ. ಕೈಗೆ ರಕ್ತ ಮೆತ್ತಿಕೊಳ್ಳುವವನಿಗೂ ಪೂಜೆಯ ವಿಭೂತಿ ಒರೆಸಲು ಕೈ ಬರುವುದಿಲ್ಲ, ನಮ್ಮ ಜನ ಹಾಗೆ. ಎಲ್ಲಿಂದ ಎತ್ತಿದನೋ ಅಲ್ಲೇ ನೇರ್ಪಾಗಿ ಇಟ್ಟು ಹೋಗಿದ್ದ.

ಕೊಟ್ರಯ್ಯ ಅದನ್ನು ಮಗುವನ್ನೆತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ವೇಬ್ರಿಡ್ಜ್ ಕೋಣೆಯ ಕಪಾಟಿನ ಮೇಲಿಟ್ಟು ಪೇಪರು ಮುಚ್ಚಿದ.

ಮ್ಯಾನೇಜರ್ ಬಸವಕುಮಾರ್ ಬಂದದ್ದು ಒಂದೂ ಕಾಲಿಗೆ. ಇಸ್ತ್ರಿಯ ಬಿಳಿ ಅಂಗಿ, ಎರಡು ಕೈಯಲ್ಲಿ ಎರಡು ಮೊಬೈಲು. ಬಾಗಿಲಲ್ಲೇ ದನಿ ಏರಿಸಿದ.

"ಏನ್ ಮೇಡಂ ಇದು? ನಲವತ್ತು ಗಾಡಿ ನಿಂತಾವ. ಸಂಜಿಗೆ ರೈಲ್ವೆ ಸೈಡಿಂಗಿಗೆ ಮಾಲು ಮುಟ್ಟಬೇಕು. ಯಾರ ಅಪ್ಪಣಿ ತಗೊಂಡು ಬಂದ್ ಮಾಡ್ಸೀರಿ?"

"ನಂದೇ ತಪ್ಪು ಸರ," ಎಂದ ಕೊಟ್ರಯ್ಯ. ಬೆಣ್ಣೆಯಂಥ ದನಿ. "ವಯಸ್ಸಾತು, ಕೈ ತಪ್ಪತಾವ. ನನ್ನ ಕೀಬೋರ್ಡ್ ಹಾಕಿ ಚಾಲೂ ಮಾಡೀನಿ, ಪಾಸ್‌ವರ್ಡ್ ಕೇಳಾಕತ್ತೈತಿ. ತಾವು ಒಂದು ಸಲ ಹೊಡದ್ರ ಗಾಡಿ ಬಿಡಬೋದು. ನಾವು ಆಕಡೆ ತಿರಗತೀವಿ."

ಹೊರಗಿನ ಹಾರ್ನುಗಳು ಹಿಂದಿನಿಂದ ತಳ್ಳುತ್ತಿದ್ದವು. ಬಸವಕುಮಾರ್ ಕುರ್ಚಿ ಎಳೆದುಕೊಂಡು ಪಟಪಟನೆ ಐದಾರು ಗುಂಡಿ ಒತ್ತಿದ. ಪರದೆ ತೆರೆಯಿತು. ಕೈಗೆ ಹತ್ತಿದ ಕೆಂಪು ಧೂಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ.

"ಆತಲ್ಲ? ಇನ್ನ ಏಳ್ರಿ ಎಲ್ಲಾರು."

"ತಾವು ಕುಂದ್ರಿ ಸರ," ಎಂದು ಕೊಟ್ರಯ್ಯ ಕಿಟಕಿಯ ಬಾಗಿಲುಗಳನ್ನು ಮುಚ್ಚಿದ. "ಮೇಡಂ, ಈ ಕೀಬೋರ್ಡ್ ನೋಡ್ರಿ. ಮುಕ್ಕಾಲು ತಾಸಿನ ಹಿಂದ ತಮ್ಮೆದುರಿಗೆ ಒರಸಿಟ್ಟೆ."

ಒರೆಸಿಟ್ಟ ಕೀಬೋರ್ಡಿನ ಮೇಲೆ ಅದಿರಿನ ಧೂಳು ತೆಳ್ಳಗೆ ಕೂತಿತ್ತು. ಅದರ ನಡುವೆ ಐದು ಅಕ್ಷರಗಳ ಮೇಲೆ ಹಸಿ ಬೆರಳಗುರುತು. ಡಿ, ಯು, ಆರ್, ಜಿ, ಎ.

ಕೊಟ್ರಯ್ಯ ಕಪಾಟಿನ ಮೇಲಿಂದ ಪೇಪರು ಸರಿಸಿ ಹಳೆಯದನ್ನು ಪಕ್ಕಕ್ಕಿಟ್ಟ. ಇದರ ಮೇಲೆ ಕೆಂಪು, ಅದರ ಮೇಲೆ ಬಿಳಿ. ಹಳೆಯದರಲ್ಲಿ ಬೋಳಾದ ಅಕ್ಷರಗಳು ಆರು. ಡಿ, ಯು, ಆರ್, ಜಿ, ಎ, ಮತ್ತೆ ಕೆ.

"ಕೆ ಬಂದದ್ದು ಲಾರಿ ನಂಬರಿನಿಂದ. ಉಳಿದ ಐದು ಎರಡೂ ಕಡೆ ಒಂದೇ. ಪೂಜಿ ಆದ ಮ್ಯಾಲ ಈ ಹಳೇ ಕೀಬೋರ್ಡಿನಾಗ ಹೊಡದದ್ದು ಸಾಹೇಬ್ರ ಪಾಸ್‌ವರ್ಡು. ಭವ್ಯನ ಹೆಸರು ಹೊಡದಿದ್ರ ಎಚ್ ಒತ್ತಬೇಕಿತ್ತು, ವೈ ಒತ್ತಬೇಕಿತ್ತು. ನೋಡ್ರಿ, ಎರಡರ ಮ್ಯಾಲೂ ಕರೆಮ್ಮನ ವಿಭೂತಿ ಹಂಗೇ ಐತಿ."

ಬಸವಕುಮಾರನ ಕೈ ತಾನಾಗಿಯೇ ಅಂಗಿಯ ತೋಳನ್ನು ಝಾಡಿಸಿತು, ಅಲ್ಲಿ ಏನೂ ಇಲ್ಲದಿದ್ದರೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಅಕೀ ದಿನಾ ನನ್ನ ಹಿಂದ ನಿಂತಿರ್ತಾಳ. ನನ್ನ ಪಾಸ್‌ವರ್ಡ್ ನೋಡಿರಬೇಕು," ಎಂದ.

"ತನ್ನ ಮನೀ ಕೀಲಿ ಕೊರಳಾಗ ಇರೋವಾಗ ನೆರಮನಿ ಕೀಲಿ ಕದ್ದು ತನ್ನ ಬಾಗಿಲಾ ತೆಗೀತಾರೇನ್ರಿ ಯಾರಾದ್ರೂ?"

ಶೈಲಜಾ ಟೇಬಲ್ಲಿನ ಮೇಲೆ ಎರಡೂ ಕೈಯೂರಿ ಬಗ್ಗಿದಳು. "ಬಸವಕುಮಾರ್, ನೀವು ಪೂಜಿ ದಿನ ಒಂದೂವರೆಗೆ ಹೆಂಡ್ತಿ ಮಕ್ಕಳ ಜೋಡಿ ಹಂಪಿಗೆ ಹೋದೆ ಅಂತ ಬರದುಕೊಟ್ಟೀರಿ."

ಅವನು ತನ್ನ ಎರಡೂ ಮೊಬೈಲುಗಳನ್ನು ಎತ್ತಿಕೊಂಡ. ಆಮೇಲೆ ನಕ್ಕ.

"ಆತು ಬಿಡ್ರಿ. ನಾನಾ ತೆಗದೆ ಚೀಟಿ. ಹಂಪಿಗೆ ಅವರನ್ನ ಕಳಿಸಿ ನಾ ಹೊಳ್ಳಿ ಬಂದೆ. ಹುಲುಗೇಶ್ ಬಂದು ಅರ್ಜೆಂಟ್ ಐತಿ ಅಂದ. ಲಾರಿ ಕಾಟಾ ಮ್ಯಾಲ ನಿಲ್ಲಿಸಿದ, ತೂಕ ಆತು, ಚೀಟಿ ಕೊಟ್ಟೆ, ಹೋದ. ಆಮ್ಯಾಲ ಅವ ಕಳವು ಮಾಡಿದ್ರ ನಾ ಏನ್ ಮಾಡ್ಲಿ? ಹೆಸರು ಬರತೈತಂತ ಹೆದರಿ ಹೇಳಲಿಲ್ಲ. ಅದೇನು ಕೊಲೀನಾ?"

ಜಾಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶೈಲಜಾ ಕೊಟ್ರಯ್ಯನ ಮುಖ ನೋಡಿದಳು. ಹುಡುಗಿಯನ್ನು ಬಿಡಬಹುದು, ಆದರೆ ಕೇಸು ಅಲ್ಲಿಗೇ ಮುಗಿಯುತ್ತದೆ ಎಂಬುದು ಅವಳ ಕಣ್ಣಲ್ಲಿತ್ತು.

"ಲಾರಿ ಕಾಟಾ ಮ್ಯಾಲ ನಿಂತಿತ್ತಾ ಸರ?" ಕೊಟ್ರಯ್ಯ ಕೇಳಿದ.

"ನಿಲ್ಲದ ತೂಕ ಹೆಂಗ ಬರತೈತ್ರಿ?"

"ಹಂಗಾದ್ರ ಈ ಅಂಕಿ ಸಾಲು ನೋಡ್ರಿ."

ಅವನು ಹಳೆಯ ಕೀಬೋರ್ಡನ್ನು ಬಸವಕುಮಾರನ ಮೂಗಿನ ಕೆಳಗೆ ಸರಿಸಿದ. ಮೇಲಿನ ಸಾಲಿನಲ್ಲಿ ಒಂದೇ ಒಂದು ಗುಂಡಿಯ ಮೇಲೆ ವಿಭೂತಿ ಉಳಿದಿತ್ತು. ಏಳು.

"ಲಾರಿ ನಂಬರಿಗೆ ಬೇಕಾದ ಅಂಕಿ ಯಾವು? ಮೂರು, ಐದು, ಒಂದು, ಒಂಬತ್ತು. ನಾಕೇ. ತೂಕ ವಾಯರ್‌ನ್ಯಾಗ ಬಂದಿದ್ರ ಉಳಿದ ಆರೂ ಅಂಕಿ ಮ್ಯಾಲ ವಿಭೂತಿ ಇರಬೇಕಿತ್ತು. ಇಲ್ಲ. ಎರಡು, ಆರು, ನಾಕು, ಎಂಟು, ಸೊನ್ನಿ, ಐದೂ ಬೋಳಾಗ್ಯಾವ. ಇಪ್ಪತ್ತಾರು ಸಾವಿರದ ನಾನೂರಾ ಎಂಬತ್ತು. ತೂಕ ಕೈಲೆ ಹೊಡದೀರಿ ಸರ. ಯಾಕಂದ್ರ ಕಾಟಾ ಮ್ಯಾಲ ಲಾರಿ ಇರಲಿಲ್ಲ. ಸೊನ್ನಿ ತೋರಸ್ತಿತ್ತು."

ಬಸವಕುಮಾರನ ಕೈಯಲ್ಲಿನ ಮೊಬೈಲೊಂದು ಗುರುಗುಟ್ಟಿತು, ಅವನು ಎತ್ತಲಿಲ್ಲ.

ಕೊಟ್ರಯ್ಯನಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಬೇಕು. ನಾಲ್ಕು ಗಂಟೆಗೆ ಇನ್ನೂ ಎರಡೂವರೆ ತಾಸಿತ್ತು, ಹುಡುಗಿ ಬಳ್ಳಾರಿ ಜೈಲಿನ ಬಾಗಿಲಿನಿಂದ ವಾಪಸು ಬಂದಿದ್ದಳು. ಅವನು ನಗುತ್ತಲೇ ಅವಳ ಕಡೆ ತಿರುಗಿದ.

ಭವ್ಯ ನಗುತ್ತಿರಲಿಲ್ಲ. ಎದ್ದು ನಿಂತಿದ್ದಳು. ಚಹದ ಲೋಟ ಕೈತಪ್ಪಿ ನೆಲದ ಮೇಲೆ ಉರುಳಿತು.

"ಲಾರಿ ಕಾಟಾ ಮ್ಯಾಲ ಬರಲಿಲ್ಲ ಅಂದ್ರ," ಅವಳು ನಿಧಾನಕ್ಕೆ ಒಂದೊಂದೇ ಮಾತು ಹೆಕ್ಕುತ್ತಿದ್ದಳು, "ನಮ್ಮಣ್ಣಗ ಚೀಟಿ ಸಿಗಲಿಲ್ಲ. ಚೀಟಿ ಇಲ್ಲದ ಗೇಟಿನಾಗ ಬಿಡಂಗಿಲ್ಲ. ಆ ಚೀಟಿ ಹಿಡಕೊಂಡು ಲಾರಿ ಆಮ್ಯಾಲ ಬ್ಯಾರೆ ಯಾರೋ ಒಯ್ದಾರ. ನಮ್ಮಣ್ಣ ಹೊರಗ ಹೋಗೇ ಇಲ್ಲ."

ಕೊಟ್ರಯ್ಯನ ಮುಖದ ನಗು ಹಾಗೇ ಇಳಿಯಿತು. ಕಿವಿಗೆ ಬಿದ್ದು ತಲೆಗೆ ಹೋಗದಿದ್ದ ಕರೆಮ್ಮನ ಮಾತು ಈಗ ಹೋಯಿತು. ಪೂಜೆ ಮಾಡಿದ ಲೋಡರು. ಮುರಿದ ಬಾಳೆಕಂದು. ಡ್ರೈವರ್ ಊರಲ್ಲೇ ಇರಲಿಲ್ಲ. ಹಬ್ಬದ ಮಧ್ಯಾಹ್ನ, ಯಾರೂ ಇಲ್ಲದ ಯಾರ್ಡಿನಲ್ಲಿ, ಅದು ಯಾವ ಗುಡ್ಡೆಗೆ ಮಣ್ಣು ಎಳೆಯಿತು, ಏನನ್ನು ಮುಚ್ಚಲು?

ಅವನು ಮುಚ್ಚಿದ ಕಿಟಕಿಯ ಗಾಜಿನಲ್ಲಿ ನೋಡಿದ. ಮೂಲೆಯ ಗುಡ್ಡೆ ಬೆಳಿಗ್ಗೆಗಿಂತ ಅರ್ಧಕ್ಕರ್ಧ ಕರಗಿತ್ತು. ಲೋಡರ್ ಇನ್ನೂ ತೋಡುತ್ತಿತ್ತು.

"ಬ್ಯಾಡ್ರಿ," ಎಂದಳು ಭವ್ಯ. ಅವನು ನೋಡಿದ್ದನ್ನು ಅವಳೂ ನೋಡಿದ್ದಳು. ಶೈಲಜಾಳ ಎರಡೂ ಕೈ ಹಿಡಿದುಕೊಂಡಳು. "ಮೇಡಂ, ನಾನಾ ಬರದೀನಿ ಅಂತ ಬರಕೊಳ್ರಿ. ಚೀಟಿ ನಂದೇ. ಎಲ್ಲಿ ಬೇಕಂದ್ರ ಅಲ್ಲಿ ಸೈನ್ ಹಾಕತೀನಿ. ಜೈಲಿಗೆ ಹೋಗತೀನಿ. ನಮ್ಮಣ್ಣ ಹೊರಗ ಹೋಗ್ಯಾನ, ಓಡಿ ಹೋಗ್ಯಾನ, ಎಲ್ಲೋ ಅದಾನ ಅಂತ ಬರಕೊಳ್ರಿ."

ಶೈಲಜಾ ಕೈ ಬಿಡಿಸಿಕೊಳ್ಳಲಿಲ್ಲ.

ಆಗ ಹುಡುಗಿಗೆ ಏನೋ ನೆನಪಾಯಿತು. ಮುಖಕ್ಕೆ ಜೀವ ಬಂತು. ಗಕ್ಕನೆ ಬಾಗಿಲ ಕಡೆ ತಿರುಗಿದಳು.

"ವಿರೂಪಾಕ್ಷಪ್ಪ ಕಾಕಾ, ನೀವು ನೋಡೀರಲ್ಲ. ಕಂಪ್ಲಿ ಸೇತುವಿ ಹತ್ರ, ಸಂಜಿ ಐದಕ್ಕ. ಸ್ಟೇರಿಂಗ್ ಮುಂದ ನಮ್ಮಣ್ಣನೇ ಕುಂತಿದ್ದ ಅಂದಿರಿ. ಅವನೇ ಅಲ್ಲೇನ್ರಿ? ಇವರಿಗೆ ಹೇಳ್ರಿ ಕಾಕಾ."

ಕೋಣೆಯಲ್ಲಿದ್ದ ಎಲ್ಲರೂ ಹೆಡ್ ಕಾನ್‌ಸ್ಟೇಬಲ್ಲಿನ ಕಡೆ ನೋಡಿದರು. ಕೊಟ್ರಯ್ಯ ಎಲ್ಲರಿಗಿಂತ ಕೊನೆಗೆ ನೋಡಿದ. ಹನ್ನೊಂದು ವರ್ಷ ಒಂದೇ ಸೆಟ್ಟಿನ ಮುಂದೆ ಕೂತ ಮನುಷ್ಯ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೆಲದ ಮೇಲೆ ಚೆಲ್ಲಿದ ಚಹವನ್ನೇ ನೋಡುತ್ತಿದ್ದ.

"ಹೇಳೋ ವಿರೂಪಾಕ್ಷಿ," ಎಂದ ಕೊಟ್ರಯ್ಯ.

ವಿರೂಪಾಕ್ಷಪ್ಪ ತಲೆ ಎತ್ತಲಿಲ್ಲ.

ಹೊರಗೆ ಲೋಡರಿನ ಸದ್ದು ನಿಂತಿತು. ಅದನ್ನು ನಿಲ್ಲಿಸು ಎಂದು ಯಾರೂ ಇನ್ನೂ ಹೇಳಿರಲಿಲ್ಲ.